ಲಾರಿ ಬಾರದ ದಸರಾ

ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ ಅನ್ನುವುದು ಬೆಂಗಳೂರಿಗೆಲ್ಲ ಗೊತ್ತು. 2012ರ ದಸರಾದಲ್ಲೂ ಜಾಗವಿರಲಿಲ್ಲ. ಆದರೆ ಆ ಸಲ ಜಾಗ ಹಿಡಿದಿದ್ದು ಜನ ಅಲ್ಲ, ಕಸ.

ಆ ವರ್ಷ ಜುಲೈನಲ್ಲಿ ಯಲಹಂಕದ ಆಚೆ ಮಾವಳ್ಳಿಪುರದ ಕಸದ ಗುಂಡಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಮುಚ್ಚಿಸಿತು. ನೀರು ಕೆಟ್ಟಿತೆಂದು ಅಲ್ಲಿಯವರು ವರ್ಷಗಳಿಂದ ಕೂಗುತ್ತಲೇ ಇದ್ದರು. ಉಳಿದದ್ದು ಹಳೇ ಮದರಾಸು ರಸ್ತೆ ಕಡೆಯ ಮಂಡೂರು. ಅಲ್ಲಿಯ ಜನವೂ ಲಾರಿಗೆ ಅಡ್ಡ ನಿಂತರು. ದಿನಕ್ಕೆ 3000 ಟನ್ನಿಗೂ ಹೆಚ್ಚು ಕಸ ಹಾಕುವ ಊರಿಗೆ ಇದ್ದಕ್ಕಿದ್ದಂತೆ ಹಿತ್ತಲೇ ಇಲ್ಲದಂತಾಯಿತು.

ನಾನಾಗ ಗಾಂಧಿ ಬಜಾರಿನಲ್ಲಿ ಸೋದರಮಾವನ ಗ್ರಂಧಿಗೆ ಅಂಗಡಿಯಲ್ಲಿ ಕೂರುತ್ತಿದ್ದೆ. ನಮ್ಮ ತಿರುವಿನಲ್ಲಿ ಹಿಂದೆ ಸಿಮೆಂಟಿನ ತೊಟ್ಟಿ ಇತ್ತಂತೆ. ಅದನ್ನು ಕಿತ್ತು ಎಷ್ಟೋ ಕಾಲವಾಗಿದ್ದರೂ ಎಸೆಯುವ ಕೈಗಳು ಆ ಜಾಗ ಮರೆತಿರಲಿಲ್ಲ. ಮಾಮೂಲಿ ದಿನಗಳಲ್ಲಿ ಪೌರಕಾರ್ಮಿಕರು ಬೆಳಗಿನ ಜಾವವೇ ಗುಡಿಸಿ, ತಳ್ಳುಗಾಡಿಗೆ ತುಂಬಿ, ಲಾರಿಗೆ ಸುರಿಯುತ್ತಿದ್ದರು. ನಾವು ಷಟರ್ ಎತ್ತುವ ಹೊತ್ತಿಗೆ ರಾತ್ರಿ ಎಸೆದದ್ದರ ಸುಳಿವೂ ಇರುತ್ತಿರಲಿಲ್ಲ.

ನಮ್ಮ ಬೀದಿ ದಿನಕ್ಕೆ ಎಷ್ಟು ಎಸೆಯುತ್ತದೆ ಅನ್ನುವುದು ಲಾರಿ ನಿಂತ ಮೇಲೆ ಕಣ್ಣಿಗೆ ಬಿತ್ತು. ಬಾಡಿದ ಸೇವಂತಿಗೆ, ಬಾಳೆಎಲೆ, ಕೊಳೆತ ಟೊಮೆಟೊ, ಎಳನೀರು ಬುರುಡೆ, ಹೋಟೆಲಿನ ಎಂಜಲು, ಸೀರೆ ಅಂಗಡಿಯ ರಟ್ಟಿನ ಡಬ್ಬ, ಎಲ್ಲದರ ನಡುವೆ ತೆಳು ಪ್ಲಾಸ್ಟಿಕ್ ಕವರು. ಮೇಲಿಂದ ಮಳೆ. ರಾಶಿಯ ಅಡಿಯಿಂದ ಕಪ್ಪು ನೀರು ಹರಿದು ಹೂವಿನವರ ಬುಟ್ಟಿಯ ತನಕ ಬರುತ್ತಿತ್ತು. ಗಿರಾಕಿಗಳು ಮೂಗಿಗೆ ಸೆರಗು ಹಿಡಿದೇ ಮಲ್ಲಿಗೆ ಚೌಕಾಸಿ ಮಾಡುತ್ತಿದ್ದರು.

ಆಮೇಲೆ ಶುರುವಾಯಿತು ನೋಡಿ, ರಾತ್ರಿ ಸಾಗಾಟ. ಅಂಗಡಿ ಮುಚ್ಚಿದ ಮೇಲೆ ನಮ್ಮ ಸಾಲಿನ ಹುಡುಗರು ಮೂಟೆ ಹೊತ್ತು ಪಕ್ಕದ ಅಡ್ಡರಸ್ತೆಯಲ್ಲಿ ಇಳಿಸಿ ಬರುವುದು, ಆ ರಸ್ತೆಯವರು ಅವರ ಮೂಟೆ ತಂದು ನಮ್ಮ ತಿರುವಿನಲ್ಲಿ ಇಳಿಸುವುದು. ಒಂದು ಬೆಳಿಗ್ಗೆ ಅಡ್ಡರಸ್ತೆಯ ದರ್ಜಿಯೊಬ್ಬರು ಹೆಸರು ಅಚ್ಚಾದ ಡಬ್ಬಗಳನ್ನೆಲ್ಲ ಹೊತ್ತು ತಂದು ಸೀರೆ ಅಂಗಡಿಯ ಗಲ್ಲಾ ಮುಂದೆಯೇ ಪೇರಿಸಿದರು.

"ಸಾವ್ಕಾರ್ರೇ, ನಿಮ್ಮ ಮಾಲು ನಮ್ಮ ಬಾಗಿಲಿಗೆ ಬಂದ್ಬಿಟ್ಟಿತ್ತು. ಎಣಿಸಿ ತಗೊಳ್ಳಿ."

ಜಗಳ ಹತ್ತಿಕೊಂಡಿತು. ಅವರ ಅಪ್ಪ, ಇವರ ತಾತ ಎಲ್ಲ ಬಂದು ಹೋದರು. ಗುಡಿಸುತ್ತಿದ್ದ ಹೆಂಗಸು ಪೊರಕೆ ಗೋಡೆಗೆ ಒರಗಿಸಿ, ತೆಲುಗು ಬೆರೆತ ಕನ್ನಡದಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಜಗಳ ಆಮೇಲೆ ಆಡಿ ಸಾಮಿ. ಎಲೆ, ಸೊಪ್ಪು ಬೇರೆ ಮಡಗಿದ್ರೆ ಹಸು ತಿನ್ನೋದು. ಡಬ್ಬ ಬೇರೆ ಕೊಟ್ಟಿದ್ರೆ ಗುಜರಿಯೋನು ದುಡ್ಡು ಕೊಡೋನು. ನೀವು ಎಲ್ಲಾ ಕಲಸಿ ಗಂಟು ಕಟ್ಟಿದ್ದೀರ. ಅದಕ್ಕೆ ಕೈ ಹಾಕೋಳು ನಾನು."

ಆಕೆಯ ಕೈಗೆ ಗ್ಲೌಸ್ ಇರಲಿಲ್ಲ. ಯಾರೂ ತಿರುಗಿ ಮಾತಾಡಲಿಲ್ಲ.

ಮಾವ ಒಳಗೆ ಹೋಗಿ ಖಾಲಿ ಗೋಣಿಚೀಲಗಳನ್ನು ತಂದು ಬಾಗಿಲ ಹಿಂದೆ ತೂಗುಹಾಕಿದರು. ಹಸಿಯದಕ್ಕೆ ಒಂದು, ಒಣಗಿದ್ದಕ್ಕೆ ಒಂದು. ನೋಡಿದವರು ಇನ್ನೂ ಕೆಲವರು ಹಾಗೇ ಮಾಡಿದರು. ಹಸು ಸಾಕಿದ್ದ ಹಾಲಿನವರು ಎಲೆ, ತರಕಾರಿ ಒಯ್ದರು. ಹೂವಿಗೆ ಔಷಧಿ ಹೊಡೆದಿರ್ತಾರೆ, ಬೇಡ ಅಂದರು. ಹೂವು ಗೊಬ್ಬರದ ಗುಂಡಿ ಸೇರಿತು. ರಟ್ಟು, ಬಾಟಲಿ ಗುಜರಿಗೆ ಹೋದವು. ಕಡೆಗೆ ಮಾವನ ಅಂಗಡಿಯಲ್ಲಿ ಲಾರಿಗೇ ಕಾಯಬೇಕಾದದ್ದು ಅಂತ ಉಳಿದದ್ದು ಥರ್ಮೋಕೋಲ್ ಚೂರು, ಎಣ್ಣೆ ಮೆತ್ತಿದ ಕವರು, ಅಷ್ಟೇ. ಆಯುಧಪೂಜೆಯ ದಿನ ಒಡೆದ ಬೂದುಗುಂಬಳವನ್ನು ಒಡೆದವರೇ ಎತ್ತಿದರು. ಹಾಗೆ ಎತ್ತಿದ್ದನ್ನು ಆ ಬೀದಿಯಲ್ಲಿ ನಾನು ನೋಡಿದ್ದು ಅದೇ ಮೊದಲು. ಹೋಟೆಲೊಂದರ ಟಬ್ಬು ಮಾತ್ರ ರಾತ್ರಿ ಹೊತ್ತು ಅಡ್ಡರಸ್ತೆಗೆ ಹೋಗುವುದು ನಿಲ್ಲಲಿಲ್ಲ.

ತಮಾಷೆಯೆಂದರೆ, ಕಸ ಬೇರ್ಪಡಿಸಿಯೇ ಕೊಡಬೇಕೆಂಬ ನಿಯಮ ಅದೇ ಅಕ್ಟೋಬರ್ 1ಕ್ಕೆ ಜಾರಿಗೆ ಬಂದಿತ್ತು. ನಮ್ಮ ಸಾಲಿನಲ್ಲಿ ಅದನ್ನು ಜಾರಿ ಮಾಡಿಸಿದ್ದು ನಾತ. ಹಾಗಾಗಿ ಲಾರಿ ಮತ್ತೆ ಸರಿಯಾಗಿ ಬರತೊಡಗಿದಾಗ ಬೀದಿ ನಿಟ್ಟುಸಿರು ಬಿಟ್ಟಿತು, ಬಾಗಿಲ ಹಿಂದಿನ ಗೋಣಿಚೀಲಗಳೂ ಒಂದೊಂದಾಗಿ ಕಾಣೆಯಾದವು. ಮಂಡೂರಿನವರು ಇನ್ನೂ ಎರಡು ವರ್ಷ ನಮ್ಮ ನಾತ ಕುಡಿದರು; ಅಲ್ಲಿಗೆ ಕಸ ಹೋಗುವುದು ನಿಂತದ್ದು 2014ರ ಡಿಸೆಂಬರಿನಲ್ಲಿ. ಕಸ ಬೇರ್ಪಡಿಸಲು ಎರಡು ಬುಟ್ಟಿ, ಒಂದು ಚೀಲ ಇಡಿ ಎಂದು ಹೈಕೋರ್ಟ್ 2015ರಲ್ಲಿ ಹೇಳಬೇಕಾಯಿತು. ಮರುವರ್ಷ ರಾಜ್ಯದಲ್ಲಿ ಪ್ಲಾಸ್ಟಿಕ್ ಕವರಿಗೇ ನಿಷೇಧ ಬಂತು. ಕವರು ಇವತ್ತಿಗೂ ಸಿಗುತ್ತದೆ.

ಅಂಗಡಿ ಇಟ್ಟುಕೊಂಡವರಿಗೆ ನನ್ನದೊಂದೇ ಮಾತು: ಲಾರಿ ದಿನಾ ಬರುತ್ತಿರುವಾಗಲೂ ಆ ಎರಡು ಗೋಣಿಚೀಲ ಬಾಗಿಲ ಹಿಂದೆ ಇರಲಿ. ಕೊಳ್ಳಲು ಹೋಗುವವರು ಮನೆಯಿಂದಲೇ ಬಟ್ಟೆ ಚೀಲ ಒಯ್ಯಿರಿ. ನಾವು ಕಲಸಿ ಕಟ್ಟಿದ ಗಂಟನ್ನು ಬಿಚ್ಚುವುದು ಇನ್ನೊಬ್ಬರ ಕೈ.