ಗುತ್ತೂರಿನಿಂದ ಗುಹಾಸುರನ ಊರಿಗೆ

ದಾವಣಗೆರೆಯಿಂದ 14 ಕಿಲೋಮೀಟರು ದೂರದ ಹರಿಹರಕ್ಕೆ ದೇವರ ದರ್ಶನಕ್ಕೆಂದು ಬರುವವರು ಮಗ್ಗುಲಲ್ಲೇ ಇರುವ ಗುತ್ತೂರಿಗೆ ಕಾಲಿಡುವುದು ಕಡಿಮೆ. ನನಗೆ ಮಾತ್ರ ಅದು ತಂಗಿಯ ಊರು.

ಕಳೆದ ಸಲ ಹೋದಾಗ ತಂಗಿಯ ಮಗಳು, ಐದನೇ ಕ್ಲಾಸಿನವಳು, ಪುಸ್ತಕ ಮುಚ್ಚಿಟ್ಟು ಅಳುತ್ತ ಕೂತಿದ್ದಳು. ಮರುದಿನ ಊರಿನ ಇತಿಹಾಸ ಒಪ್ಪಿಸಬೇಕಂತೆ. ಹಿಂದಿನ ವಾರ ತಪ್ಪಿದ್ದಕ್ಕೆ ಎಲ್ಲರೆದುರು ನಿಲ್ಲಿಸಿದ್ದರಂತೆ. ಇನ್ನು ಶಾಲೆಗೇ ಹೋಗುವುದಿಲ್ಲವೆಂದು ಹಟ. 1224, ಪೋಲಾಳ್ವ ದಂಡನಾಥ, ಹೊಯ್ಸಳ ಎರಡನೇ ನರಸಿಂಹ. ಪಾಪ, ಮಗು ಇದನ್ನೆಲ್ಲ ಯಾವ ಗೂಟಕ್ಕೆ ಕಟ್ಟಿಕೊಳ್ಳಬೇಕು? ಪುಸ್ತಕ ಮನೆಯಲ್ಲೇ ಬಿಟ್ಟು ಹರಿಹರೇಶ್ವರನ ಗುಡಿಗೆ ಕರೆದೊಯ್ದೆ.

ದಾರಿಯುದ್ದಕ್ಕೂ ಗುಹಾಸುರನ ಕಥೆ. ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂದು ಬ್ರಹ್ಮನಿಂದ ವರ ಪಡೆದು ಲೋಕಕ್ಕೆಲ್ಲ ಕಾಟ ಕೊಟ್ಟವನು. ಕೊನೆಗೆ ಇಬ್ಬರೂ ಒಂದೇ ಮೈಯಾಗಿ ಬಂದರು. ಸಾಯುವಾಗ ಅಸುರ ಬೇಡಿದ್ದು ಒಂದೇ: ಈ ನೆಲಕ್ಕೆ ನನ್ನ ಹೆಸರಿರಲಿ. ಅದಕ್ಕೇ ಇದು ಗುಹಾರಣ್ಯ.

ಗರ್ಭಗುಡಿಯಲ್ಲಿ ಬಲಕ್ಕೆ ಶಿವ, ಎಡಕ್ಕೆ ವಿಷ್ಣು. ಹುಡುಗಿ ಗೆರೆ ಎಲ್ಲಿದೆಯೆಂದು ಹುಡುಕಿದಳು. ಹರಿ ದೊಡ್ಡವನೋ ಹರ ದೊಡ್ಡವನೋ ಎಂದು ಪಂಡಿತರು ಗಂಟೆಗಟ್ಟಲೆ ವಾದಿಸಬಹುದು. ಈ ಕಥೆ ಕೇಳಿದ ಮಗು ಆ ಜಗಳಕ್ಕೇ ಹೋಗುವುದಿಲ್ಲ. ರಾಜನ ದಡ್ಡ ಮಕ್ಕಳಿಗೆ ಕಥೆಯಲ್ಲೇ ನೀತಿ ಹೇಳಿದ ಪಂಚತಂತ್ರವನ್ನು ದುರ್ಗಸಿಂಹ ಕನ್ನಡಕ್ಕೆ ತಂದು ಸಾವಿರ ವರ್ಷವಾಗುತ್ತ ಬಂತು. ನಮ್ಮ ಮೇಷ್ಟ್ರುಗಳಿಗೆ ಗೊತ್ತಿಲ್ಲದ್ದೇನಲ್ಲ. ಪಾಠ ಮುಗಿಸುವ ಅವಸರ ಅಷ್ಟೆ.

ಮಂಟಪದಂಚಿನ ಅರೆಗಂಬಗಳು ಲೇತಿನಲ್ಲಿ ತಿರುವಿದಂತಿವೆ. ಇದೇ ಊರಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಲೇತುಗಳನ್ನೇ ಮಾಡುತ್ತಿತ್ತು, ಈಗ ಅದಿಲ್ಲ ಎಂದೆ. "ನಮ್ಮಜ್ಜ ಅಲ್ಲೇ ಕೆಲಸಕ್ಕಿದ್ರು!" ಎಂದು ಕಂಬವನ್ನು ಇನ್ನೊಮ್ಮೆ ಮುಟ್ಟಿ ನೋಡಿದಳು.

ತುಂಗಭದ್ರೆಯ ದಂಡೆಗೆ ಬಂದಾಗ ಪ್ರಶ್ನೆ ಬಂತು: "ಮಾಮ, ಹಂಗಾರೆ ಬ್ರಹ್ಮ ಮೋಸ ಮಾಡಿದ್ನಾ?"

ನನಗೆ ಉತ್ತರ ಹೊಳೆಯಲಿಲ್ಲ. ಮಾತು ಮರೆಸಲು, ಗುಡಿ ಕಟ್ಟಿದ ಇಸವಿ ಯಾವುದೆಂದೆ. ಅದೊಂದು ಕಥೆಯೊಳಗೆ ಬಂದಿರಲಿಲ್ಲ; ಹೋಯಿತೆಂದುಕೊಂಡೆ. ಹುಡುಗಿ ಬೆರಳು ಮಡಿಸುತ್ತ ಯೋಚಿಸಿದಳು.

"ಹನ್ನೆರಡು. ಆಮೇಲೆ ಹನ್ನೆರಡರ ಎರಡರಷ್ಟು, ಇಪ್ಪತ್ನಾಲ್ಕು. ದೇವ್ರು ಇಬ್ರಿದಾರಲ್ಲ, ಅದಕ್ಕೆ!"