ದಾಸೋಹದ ಊರಿನ ಜಿಪುಣ ಓದುಗ

ಪುಸ್ತಕ ಕೈಗೆ ಬಂತೆಂದರೆ ನಾನು ಮೊದಲು ತೆಗೆಯುವುದು ನಡುವಿನ ಪುಟ. ಅರ್ಪಣೆ, ಮುನ್ನುಡಿ, ಬೆನ್ನುಡಿ, ಲೇಖಕರ ಎರಡು ಮಾತು (ಹೆಸರಿಗಷ್ಟೇ ಎರಡು, ಓದಲು ಕೂತರೆ ಹದಿನಾರು ಪುಟ) ಎಲ್ಲ ಆಮೇಲೆ. ಮೊದಲು ಎಲ್ಲೋ ಒಂದೆಡೆ ಹೆಬ್ಬೆರಳು ತೂರಿಸಿ ತೆರೆದು, ಅಲ್ಲಿ ಯಾರು ಯಾರ ಮೇಲೆ ಹರಿಹಾಯುತ್ತಿದ್ದಾರೆ ನೋಡಬೇಕು. ಜಗಳ ರಂಗೇರಿದ್ದರೆ ಹಿಂದಕ್ಕೆ ಹೋಗಿ ಅದರ ಮೂಲ ಹುಡುಕುತ್ತೇನೆ. ಸಪ್ಪೆಯಿದ್ದರೆ ಪುಸ್ತಕ ನೇರ ಕಪಾಟಿಗೆ. “ಪತ್ತೇದಾರಿ ಕಾದಂಬರೀನೂ ಹಿಂಗೇ ಓದ್ತೀರೇನ್ರಿ?” ಎಂದು ಕೇಳಿದವರಿದ್ದಾರೆ. ಹೌದು, ಅದನ್ನೂ. ಕೊಲೆ ಮಾಡಿದವನು ಯಾರೆಂದು ಗೊತ್ತಿಟ್ಟುಕೊಂಡು ಪೊಲೀಸರ ಪೇಚಾಟ ನೋಡುವ ಮಜವೇ ಬೇರೆ.

ಈ ಚಟ ಹತ್ತಿದ್ದು ಶ್ರಾವಣದಿಂದ. ಕಲಬುರಗಿ ಸೀಮೆಯಲ್ಲಿ ಶ್ರಾವಣ ಬಂತೆಂದರೆ ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಅದರಲ್ಲೂ ಮಹಾದಾಸೋಹಿ ಶರಣಬಸವೇಶ್ವರರ ಪುರಾಣವೆಂದರೆ ಕೂಡಲು ಜಾಗ ಸಿಗುವುದಿಲ್ಲ. ರಾತ್ರಿ ಊಟ ಮುಗಿಸಿ, ಚಾಪೆ ಕಂಕುಳಲ್ಲಿ ಇರುಕಿಕೊಂಡು ಹೊರಡುವುದು. ಒಬ್ಬರು ರಾಗವಾಗಿ ಪದ್ಯ ಎತ್ತಿದರೆ ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ. ಅವ್ವನ ತೊಡೆಯ ಮೇಲೆ ತಲೆಯಿಟ್ಟ ನನಗೆ ಮೊದಲ ಪದ್ಯಕ್ಕೇ ನಿದ್ದೆ. ತಬಲಾ ಏರಿದಾಗ ಎಚ್ಚರ, ಅಷ್ಟೊತ್ತಿಗೆ ಕಥೆ ನಟ್ಟನಡುವೆ. ಹಿಂದಿನದನ್ನು ಅವ್ವನ ಕಿವಿಯಲ್ಲಿ ಪಿಸುಗುಟ್ಟಿ ಕೇಳುವುದು, ಆಕೆ ಗದರುವುದು, ಕೊನೆಗೆ ನಾನೇ ಊಹಿಸಿಕೊಳ್ಳುವುದು. ಇವತ್ತಿಗೂ ನನ್ನ ಓದು ಅದೇ ಜಾಡಿನಲ್ಲಿದೆ.

ಶರಣರು ಹುಟ್ಟುವ ಅಧ್ಯಾಯದ ದಿನ ಮಾತ್ರ ನಿದ್ದೆಗೆ ಅವಕಾಶವಿರಲಿಲ್ಲ. ಗುಡಿಯಲ್ಲಿ ಖರೇ ತೊಟ್ಟಿಲನ್ನೇ ಕಟ್ಟುತ್ತಿದ್ದರು. ಹಗ್ಗಕ್ಕೆ ಚೆಂಡುಹೂವಿನ ಮಾಲೆ, ಹೆಣ್ಣುಮಕ್ಕಳು ಸರದಿಯಲ್ಲಿ ತೂಗಿ ಜೋಗುಳ ಹಾಡುವುದು, ಹೆಸರಿಟ್ಟ ಮೇಲೆ ಎಲ್ಲರ ಅಂಗೈಗೂ ಒಂದೊಂದು ಹಿಡಿ ಬಿಸಿ ಗುಗ್ಗರಿ. ಮದುವೆಯ ಅಧ್ಯಾಯ ಬಂದರೆ ಅಕ್ಕಿಕಾಳು ಹಂಚುತ್ತಿದ್ದರು. ಪುಸ್ತಕದಲ್ಲಿ ನಡೆಯುವುದಕ್ಕೂ ನಮ್ಮ ಮೈಮೇಲೆ ನಡೆಯುವುದಕ್ಕೂ ನಡುವೆ ಗೋಡೆಯೇ ಇಲ್ಲದ ಆ ಓದಿನ ಮುಂದೆ, ಒಬ್ಬನೇ ಕೋಣೆಯಲ್ಲಿ ಕೂತು ಕಣ್ಣಿನಲ್ಲೇ ಓದುವುದು ತೀರ ಬಡತನದ ಕೆಲಸ ಎಂದು ಎಷ್ಟೋ ಸಲ ಅನಿಸಿದೆ. ಆದರೂ ಬಿಟ್ಟಿಲ್ಲ.

ನಮ್ಮ ಮುತ್ಯಾ ಕಲಿತದ್ದು ನಿಜಾಮನ ಕಾಲದ ಉರ್ದು ಶಾಲೆಯಲ್ಲಿ. ಹೊಲದ ಕಾಗದ, ಕೋರ್ಟಿನ ಕಾಗದ ಸರಾಗವಾಗಿ ಓದುತ್ತಿದ್ದ. ಕನ್ನಡ ಅಕ್ಷರ ಕಂಡರೆ ಕಣ್ಣು ಕಿರಿದು ಮಾಡುತ್ತಿದ್ದ. ಆದರೆ ಪುರಾಣದಲ್ಲಿ ಒಂದು ಪದ ಆಚೀಚೆಯಾದರೆ ಕೂತಲ್ಲಿಂದಲೇ ತಿದ್ದುತ್ತಿದ್ದ. ಇಂಥವರನ್ನು ನೋಡಿಯೇ ಇರಬೇಕು, ಈ ನಾಡಿನ ಜನ ಪುಸ್ತಕ ಹಿಡಿದು ಓದದಿದ್ದರೂ ಕಾವ್ಯದ ಹದ ಬಲ್ಲವರು ಎಂದು ಕವಿರಾಜಮಾರ್ಗ ಒಂಬತ್ತನೆಯ ಶತಮಾನದಲ್ಲೇ ಸರ್ಟಿಫಿಕೇಟು ಬರೆದುಕೊಟ್ಟದ್ದು. ಆ ಗ್ರಂಥ ಹುಟ್ಟಿದ ರಾಷ್ಟ್ರಕೂಟರ ಮಾನ್ಯಖೇಟ, ಅಂದರೆ ನಮ್ಮ ಮಳಖೇಡ, ಸೇಡಂ ದಾರಿಯಲ್ಲಿ ಬಸ್ಸಿಗೆ ಒಂದು ತಾಸು. 1898ರಲ್ಲಿ ಕೆ.ಬಿ. ಪಾಠಕರು ಅದನ್ನು ಅಚ್ಚಿಗೆ ತಂದರು. ಓದದೆಯೇ ಬಲ್ಲವರು ಎಂಬ ಹೊಗಳಿಕೆಯಿಂದ ನಷ್ಟವಾದದ್ದು ಪುಸ್ತಕದಂಗಡಿಯವರಿಗೆ ಮಾತ್ರ. ಹಾಗೆಂದು ನಮ್ಮ ಕಲಬುರಗಿ ಪುಸ್ತಕಕ್ಕೆ ಬೆನ್ನು ತಿರುಗಿಸಿತೆನ್ನುವಂತಿಲ್ಲ. ಉರ್ದು ಆಡಳಿತದ ನಡುವೆಯೇ 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಇಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು. ಆಮೇಲೆ 1949, 1987, ಮತ್ತೆ 2020. ಕಡೆಯದರಲ್ಲಿ ನಾನು ಭಾಷಣದ ಕಡೆ ತಲೆಹಾಕಲಿಲ್ಲ, ಪುಸ್ತಕದ ಮಳಿಗೆಗಳಲ್ಲೇ ಕರಗಿಹೋದೆ.

ಬೇಸಿಗೆಯಲ್ಲಿ ನಮ್ಮೂರಲ್ಲಿ ಓದುವುದು ಸುಮ್ಮನೆ ಮಾತಲ್ಲ. ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ ಫ್ಯಾನ್ ಹಚ್ಚಿದರೆ ಬಿಸಿಗಾಳಿ ಮತ್ತು ಹಾರುವ ಹಾಳೆ, ಆರಿಸಿದರೆ ಪುಟದ ಮೇಲೆ ಬೆವರಿನ ಹನಿ. ಹಾಗಾಗಿ ನಾನು ಸಂಜೆ ಪುಸ್ತಕ ಹಿಡಿದು ಶರಣಬಸವೇಶ್ವರರ ಗುಡಿಗೆ ಹೋಗುತ್ತೇನೆ. ದರ್ಶನ ಮುಗಿಸಿ ಒಂದು ಕಂಬಕ್ಕೆ ಬೆನ್ನು ಕೊಟ್ಟರೆ ಅಪ್ಪನ ಕೆರೆಯ ಕಡೆಯಿಂದ ಒಂದಿಷ್ಟು ತಂಗಾಳಿ ಬರುತ್ತದೆ. ಅಲ್ಲಿ ಒಮ್ಮೆ, ಹೆಗಲ ಮೇಲೆ ಟವೆಲ್ ಹಾಕಿದ ಹಿರಿಯರೊಬ್ಬರು ಪಕ್ಕಕ್ಕೆ ಸರಿದು ಕೂತು, “ಏನ್ ಓದ್ಲಾಕತ್ತೀರಿ?” ಎಂದರು.

“ಏನಿಲ್ರೀ ಯಜಮಾನ್ರೆ, ಸುಮ್ಮ ಒಂದು ಕಥಿ.”

“ಹಂಗಾದ್ರ ಜೋರಾಗಿ ಓದ್ರಲ್ಲ, ನಮಗೂ ಕೇಳ್ಲಿ.”

ನನ್ನ ಕೈಯಲ್ಲಿದ್ದದ್ದು ಎನ್. ನರಸಿಂಹಯ್ಯನವರ ಹಳೆಯ ಪತ್ತೇದಾರಿ ಕಾದಂಬರಿ. ಗುಡಿಯಲ್ಲಿ ಕೂತು ಕೊಲೆ, ದರೋಡೆ, ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಜೋರಾಗಿ ಓದುವುದು ಹೇಗೆ? ಗಂಟಲು ಸರಿಮಾಡಿಕೊಂಡು ಓದಿಯೇ ಬಿಟ್ಟೆ. ಅಜ್ಜನಿಗೆ ನಡುವಿನಿಂದ ಓದುವುದು ಒಪ್ಪಿಗೆಯಾಗದೆ, ಮೊದಲಿಂದ ಬರ್ರಿ ಎಂದು ಹಿಂದಕ್ಕೆ ಕಳಿಸಿದರು. ಮರುಸಂಜೆ ಇನ್ನಿಬ್ಬರನ್ನು ಕರೆತಂದರು. ಕಥೆ ಮುಗಿದು ಕಳ್ಳ ಸಿಕ್ಕಿಬಿದ್ದ ದಿನ ಟವೆಲಿನ ತುದಿಯಿಂದ ಕಲ್ಲುಸಕ್ಕರೆ ಬಿಚ್ಚಿ ಎಲ್ಲರಿಗೂ ಕೊಟ್ಟರು. “ಮಂಗಲ ಆತಲ್ರೀ,” ಎಂದರು. ನಾಲ್ಕನೇ ಇಯತ್ತೆಯವರೆಗಷ್ಟೇ ಶಾಲೆ ಕಂಡು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ನರಸಿಂಹಯ್ಯನವರಿಗೆ ಆ ಮಂಗಲ ಸಲ್ಲಬೇಕಾದದ್ದೇ.

ನನ್ನ ರುಚಿ ದೊಡ್ಡದೇನಲ್ಲ. ಮನುಷ್ಯರು ಮಾತಾಡುವ ಪುಸ್ತಕ ಬೇಕು, ಅಷ್ಟೇ. ಗೀತಾ ನಾಗಭೂಷಣರ ‘ಬದುಕು’ ಹಿಡಿದರೆ ನಮ್ಮ ಓಣಿಯ ನಲ್ಲಿಯ ಮುಂದೆ ನಿಂತಂತಾಗುತ್ತದೆ, ಬೈಗುಳ ಸಮೇತ. 2004ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ನನಗೇ ಬಂದಷ್ಟು ಬೀಗಿದೆ. ‘ಕಸ್ತೂರಿ’ ತಿಂಗಳ ಪತ್ರಿಕೆಯನ್ನು ಹಿಂದಿನಿಂದ, ಪುಸ್ತಕ ವಿಭಾಗದಿಂದ ಶುರುಮಾಡುತ್ತೇನೆ. ಮೊಬೈಲಿನಲ್ಲಿ ಓದುವುದು ಆಗುವುದಿಲ್ಲ. ಹೆಬ್ಬೆರಳು ತೂರಿಸಲು ಅಲ್ಲಿ ನಡುವೇ ಇಲ್ಲ. ಪುಟದ ಗುರುತಿಗೆ ಬಸ್ ಟಿಕೆಟ್ಟು. ಕಿವಿ ಮಡಚುವವರ ಜೊತೆ ನಾನು ಹೆಚ್ಚು ಮಾತಾಡುವುದಿಲ್ಲ. ಸರಸ್ವತಿ ಗೋದಾಮಿನ ಅಂಗಡಿಗಳಿಗೆ ಒಂದೇ ಪುಸ್ತಕಕ್ಕೆಂದು ಹೋಗಿ, ಒಂದೇ ಪುಸ್ತಕದೊಂದಿಗೆ ಬಂದ ನೆನಪಿಲ್ಲ.

ಈಗ ಜಿಪುಣತನದ ವಿಷಯ. ಶರಣಬಸವೇಶ್ವರರು (1746–1822) ಅರಳಗುಂಡಗಿಯ ಒಕ್ಕಲು ಮನೆತನದವರು. ಹೊಲದ ಜೋಳಕ್ಕೆ ಹಕ್ಕಿ ಬಂದರೆ ಕವಣೆ ಬೀಸದೆ, ತಿನ್ನಲಿ ಎಂದು ಕುಡಿಯಲು ನೀರೂ ಇಟ್ಟರೆಂದು ಪುರಾಣ ಹೇಳುತ್ತದೆ. ಅಂಥವರ ಗುಡಿಯ ಕಂಬಕ್ಕೆ ಒರಗಿ ಓದುವ ನಾನು ಪುಸ್ತಕ ಎರವಲು ಕೊಡುವುದಿಲ್ಲ. “ದಾಸೋಹದ ಊರಾಗ ಇದ್ದು ಹಿಂಗ ಮಾಡ್ತೀರಲ್ರೀ ಸರ್!” ಎಂದು ಗೆಳೆಯರು ಚುಚ್ಚುತ್ತಾರೆ. ನನ್ನ ವಾದ ಇಷ್ಟೇ: ದಾಸೋಹದಲ್ಲಿ ಉಂಡವರು ತಾಟು ತೊಳೆದಿಟ್ಟು ಹೋಗುತ್ತಾರೆ, ಪುಸ್ತಕ ಒಯ್ದವರು ತಾಟು ಸಮೇತ ಹೋಗುತ್ತಾರೆ. ಪಾಂಡವಪುರದ ಬಳಿ ಹರಳಹಳ್ಳಿಯಲ್ಲಿ ಅಂಕೇಗೌಡರು ಲಕ್ಷಗಟ್ಟಲೆ ಪುಸ್ತಕ ಕೂಡಿಸಿ, ಯಾರು ಬೇಕಾದರೂ ಬಂದು ಓದಲಿ ಎಂದಿದ್ದಾರೆ. ಗಮನಿಸಿ, ಬಂದು ಓದಲಿ. ನಮ್ಮ ಮನೆಗೂ ಬರಬಹುದು, ಚಹಾ ನಾನೇ ಮಾಡುತ್ತೇನೆ, ಎದ್ದು ಹೋಗುವಾಗ ಕೈ ಖಾಲಿ ಇರಬೇಕು.

ನನ್ನ ಹೆಂಡತಿಗೆ ಈ ವಾದ ರುಚಿಸಲಿಲ್ಲ. “ಒಂದೊಂದು ಜಾಸ್ತಿ ತರ್ರಿ, ಕೊಡೋದಕ್ಕ ಬ್ಯಾರೆ, ಇಡೋದಕ್ಕ ಬ್ಯಾರೆ,” ಎಂದು ತೀರ್ಪು ಕೊಟ್ಟಳು. ‘ಬದುಕಿ’ನ ಇನ್ನೊಂದು ಪ್ರತಿ ಬಂತು, ಪಕ್ಕದ ಮನೆಗೆ ಹೋಯಿತು. ತಿಂಗಳುಗಳ ಮೇಲೆ ವಿಚಾರಿಸಿದೆ. ಪಕ್ಕದ ಮನೆಯ ಅಕ್ಕ ಸ್ವಲ್ಪವೂ ಅಳುಕದೆ, “ಅದು ಕಮಲಾಪುರದಾಗ ನಮ್ಮ ತಂಗಿ ಹತ್ರ ಅದರೀ ಅಣ್ಣಾರ. ಆಕಿ ಅತ್ತಿ ಓದ್ಲಾಕತ್ತಾಳ. ಬರುವಾಗ ತರ್ತಾಳ, ಚಿಂತಿ ಮಾಡಬ್ಯಾಡ್ರಿ,” ಎಂದಳು.

ತಂಗಿ ಮೊನ್ನೆ ಬಂದಿದ್ದಳು. ಕಮಲಾಪುರದ ಕೆಂಪು ಬಾಳೆಹಣ್ಣು ಒಂದು ಚಿಪ್ಪು ತಂದು ಕೊಟ್ಟಳು, ಹಣ್ಣು ಬಹಳ ಚೆನ್ನಾಗಿದ್ದವು. ಪುಸ್ತಕ ಈಗ ಅತ್ತೆಯ ಅಣ್ಣನ ಮನೆಯಲ್ಲಿದೆಯಂತೆ, ಹುಮನಾಬಾದಿನಲ್ಲಿ.