ಎಡಗೈ ಅಣ್ಣ, ಬಲಗೈ ತಮ್ಮ

ಅಕ್ಕನ ಮಗ ಗೇಮ್ ಆಡುವಾಗ ಪಕ್ಕದಲ್ಲಿ ಕೂತು ನೋಡುವುದು ನನಗೆ ರೂಢಿ. ಪರದೆಯ ಮೇಲಿನವರು ಮಾತಿಗೆ ನಿಂತರೆ ಸಾಕು, ಅವನು ಕಂಟ್ರೋಲರ್ ತೊಡೆಯ ಮೇಲಿಟ್ಟು ಚಕ್ಕುಲಿ ಮುರಿಯುತ್ತಾನೆ. "ಇದು ಕಟ್‌ಸೀನ್ ಮಾಮಾ, ಮುಗೀಲಿ, ಆಮೇಲೆ ಆಟ." ಯಾರೋ ರಾತ್ರಿಯೆಲ್ಲ ಕೂತು ಬರೆದ ಕಥೆ ಅದು. ನನಗೆ ಸಂಕಟವಾಗುತ್ತದೆ.

ನಮ್ಮಜ್ಜಿ ಕಥೆ ಹೇಳುವಾಗ ನಾವು ಹೂಂಗುಡಬೇಕಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಕೇಳುವವರಿಗೂ ಕಥೆಯೊಳಗೆ ಒಂದು ಕೆಲಸ ಬೇಕು ಅನ್ನುವುದು ಆಕೆಗೆ ಗೊತ್ತಿತ್ತು. ಗೇಮ್‌ನಲ್ಲಿ ಆ ಹೂಂ ಬೆರಳಿಗೆ ಇಳಿದಿದೆ, ಅಷ್ಟೆ.

2001ರಲ್ಲಿ ಜಪಾನಿನ ಫುಮಿತೊ ಉಯೆಡಾ ಮಾಡಿದ 'ಇಕೋ' ಇದೆಯಲ್ಲ, ಅದರಲ್ಲಿ ಕೊಂಬಿನ ಹುಡುಗನೊಬ್ಬ ಪಾಳು ಕೋಟೆಯಿಂದ ಯೋರ್ಡಾ ಎಂಬ ಹುಡುಗಿಯನ್ನು ಕರೆದೊಯ್ಯಬೇಕು. ಅವಳ ಭಾಷೆ ಅವನಿಗೆ ತಿಳಿಯದು. ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ಅವಳ ಕೈ ಅವನ ಕೈಯಲ್ಲಿ. ಒಂಟಿಯಾಗಿ ಬಿಟ್ಟು ದೂರ ಹೋದರೆ ಕರಿನೆರಳುಗಳು ಬಂದು ಹೊತ್ತೊಯ್ಯುತ್ತವೆ. ಅಕ್ಕರೆಯ ಬಗ್ಗೆ ಒಂದೂ ಭಾಷಣವಿಲ್ಲ, ಆದರೂ ಬೆರಳು ಸಡಿಲಿಸಲು ಮನಸ್ಸು ಬಾರದು.

ಇನ್ನೊಂದು 2013ರ 'ಬ್ರದರ್ಸ್'. ಆಡಬೇಕೆಂದಿರುವವರು ಇಲ್ಲಿಗೇ ನಿಲ್ಲಿಸಿ, ಆಡಿ ಬಂದು ಓದಿ. ಅದನ್ನು ಮಾಡಿದ ಜೋಸೆಫ್ ಫಾರೆಸ್ ಆಗ ಸ್ವೀಡನ್ನಿನ ಸಿನಿಮಾ ನಿರ್ದೇಶಕರಾಗಿದ್ದರು. ಸಿನಿಮಾದವರಾಗಿಯೂ ಕಥೆಯ ಜೀವವನ್ನು ಕಂಟ್ರೋಲರ್‌ನಲ್ಲೇ ಇಟ್ಟರು ನೋಡಿ, ಅದಕ್ಕೇ ನನಗೆ ಅವರ ಮೇಲೆ ಗೌರವ. ಕಾಯಿಲೆ ಬಿದ್ದ ಅಪ್ಪನಿಗೆ ಮದ್ದು ತರಲು ಅಣ್ಣತಮ್ಮ ಹೊರಡುತ್ತಾರೆ. ಆಡುವವನ ಎಡಗೈ ಅಣ್ಣನದು, ಬಲಗೈ ತಮ್ಮನದು. ಅಮ್ಮ ನೀರಲ್ಲಿ ಮುಳುಗಿ ಸತ್ತದ್ದನ್ನು ಕಂಡ ತಮ್ಮನಿಗೆ ಈಜಲು ಭಯ, ನೀರು ಬಂದಾಗಲೆಲ್ಲ ಅಣ್ಣನ ಬೆನ್ನಿಗೆ ಅಂಟಿಕೊಳ್ಳುತ್ತಾನೆ. ಕೊನೆಕೊನೆಗೆ ಅಣ್ಣ ಸಾಯುತ್ತಾನೆ. ಅವನನ್ನು ಮಣ್ಣು ಮಾಡುವುದೂ ಆಡುವವನ ಕೈಯಿಂದಲೇ. ಅಲ್ಲಿಂದಾಚೆ ಎಡಗೈಗೆ ಕೆಲಸವಿಲ್ಲ.

ಅಕ್ಕನ ಮಗ ಇದನ್ನು ಆಡುವಾಗ, ಅಣ್ಣನಿಲ್ಲದ ತಮ್ಮನಿಗೆ ಒಂದು ಹೊಳೆ ಅಡ್ಡ ಬಂತು. ಹುಡುಗ ಅದರ ದಡದಲ್ಲಿ ತಮ್ಮನನ್ನು ನಿಲ್ಲಿಸಿಕೊಂಡು ಬಲಗೈ ಬಟನ್ ಒತ್ತಿದ. ಮತ್ತೆ ಮತ್ತೆ ಒತ್ತಿದ. ತಮ್ಮ ನೀರಿಗಿಳಿದರೂ ಮುಂದೆ ಹೋಗಲೊಲ್ಲ. ಚಕ್ಕುಲಿ ತಟ್ಟೆಯಲ್ಲೇ ಇತ್ತು. ಬಹಳ ಹೊತ್ತಾದ ಮೇಲೆ ಅವನ ಎಡಗೈ ಬೆರಳು ಮೆಲ್ಲಗೆ ಅಣ್ಣನ ಬಟನ್ ಒತ್ತಿತು. ತಮ್ಮ ಈಜತೊಡಗಿದ.

"ಮಾಮಾ..." ಅಂದ. ಮುಂದೆ ಮಾತಾಡಲಿಲ್ಲ.

ಸ್ವಲ್ಪ ಹೊತ್ತಿಗೆ ಒಂದು ಭಾರದ ಹಿಡಿಕೆ ಬಂತು, ಮೊದಲು ಅಣ್ಣನಷ್ಟೇ ಎಳೆಯುತ್ತಿದ್ದಂಥದ್ದು. ಈ ಸಲ ಅವನು ತಡಕಾಡಲಿಲ್ಲ, ಎಡಗೈ ತಾನಾಗಿಯೇ ಒತ್ತಿತು.